ಟಚ್‌ಪ್ಯಾಡ್ ಲೆಕ್ಕ ಕನ್ನಡದಲ್ಲೂ ಬರೆದಿಡಿ

ಮಾನ್ಯರೇ,

ಗಂಗಾವತಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹಳೇ ಲ್ಯಾಪ್‌ಟಾಪ್ ನಿಧಾನವಾಯ್ತು ಅಂತ ತಂದವರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ. ಕಾಲೇಜು ಮಕ್ಕಳು, ರೈಸ್‌ಮಿಲ್‌ಗಳಲ್ಲಿ ಲೆಕ್ಕ ಬರೆಯುವವರು ಜಾಸ್ತಿ. ಆಮೇಲೆ ಅವರು ಹೇಳುವ ದೂರು ಹೆಚ್ಚಾಗಿ ಒಂದೇ: ಟಚ್‌ಪ್ಯಾಡ್ ಸರಿಯಿಲ್ಲ.

ಹೋದ ತಿಂಗಳು ಕಾರಟಗಿಯಿಂದ ಡಿಗ್ರಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಪ್ಯಾಡ್ ಮೇಲೆ ಬೆರಳು ಅಡ್ಡ ಎಳೆದರೆ ಕರ್ಸರ್ ಓಡುತ್ತಿತ್ತು, ಮೇಲೆ ಕೆಳಗೆ ಎಳೆದರೆ ತೆವಳುತ್ತಿತ್ತು. ದುಂಡಗೆ ತಿರುಗಿಸಿದರೆ ಸ್ಕ್ರೀನ್ ಮೇಲೆ ಮೊಟ್ಟೆ ಆಕಾರ. ಪ್ಯಾಡ್ ಕೆಟ್ಟಿರಲಿಲ್ಲ. ಬೆರಳು ಎಲ್ಲಿದೆ ಅಂತ ಪ್ಯಾಡ್ ಅಂಕಿಯಲ್ಲಿ ಹೇಳುತ್ತದೆ; ಒಂದು ಮಿಲಿಮೀಟರಿಗೆ ಎಷ್ಟು ಅಂಕ ಅನ್ನುವ ಲೆಕ್ಕ ಲಿನಕ್ಸ್‌ಗೆ ತಪ್ಪಾಗಿ ಸಿಗುತ್ತಿತ್ತು. ಸ್ಕೇಲ್ ಇಟ್ಟು ಅಳೆದೆ: ಅಡ್ಡ 105, ಉದ್ದ 70 ಮಿ.ಮೀ. ಅದನ್ನು ಟಚ್‌ಪ್ಯಾಡ್ ಎಡ್ಜ್ ಡಿಟೆಕ್ಟರ್ ಎಂಬ ಸಣ್ಣ ಪ್ರೋಗ್ರಾಮಿಗೆ ಕೊಟ್ಟು, ನಾಲ್ಕೂ ಅಂಚಿನ ಮೇಲೆ ಬೆರಳಾಡಿಸಿದೆ. ಬಂದ ಅಂಕಿಯನ್ನು, ಲಿನಕ್ಸ್ ಇಂಥ ಅಳತೆ ಓದಿಕೊಳ್ಳುವ ಹಾರ್ಡ್‌ವೇರ್ ಫೈಲಿನ ಒಂದು ಸಾಲಿನಲ್ಲಿ ಬರೆದೆ. ಆದರೂ ಕರ್ಸರ್ ಹಾಗೇ ತೆವಳಿತು.

ಆ ಸಾಲಿನಲ್ಲಿ ಮೊದಲು ಪ್ಯಾಡ್ ಕೊಡುವ ಕನಿಷ್ಠ ಅಂಕ, ಆಮೇಲೆ ಗರಿಷ್ಠ, ಮೂರನೆಯದು ಮಿ.ಮೀ.ಗೆ ಎಷ್ಟು ಎಂಬುದು. ಮೊದಲೆರಡು ಸರಿಯಿದ್ದರೆ ಖಾಲಿ ಬಿಡಬಹುದು, ಆದರೆ ನಡುವಿನ ಕೋಲನ್ (:) ಬಿಡುವ ಹಾಗಿಲ್ಲ. ನಾನು ಬಿಟ್ಟಿದ್ದೆ. ನನ್ನ ಅಂಕಿ ಕನಿಷ್ಠದ ಜಾಗಕ್ಕೆ ಹೋಗಿ ಕೂತಿತ್ತು. ಇಡೀ ಸಂಜೆ ಅದಕ್ಕೇ ಹೋಯಿತು, ಹುಡುಗಿಯ ಕೊನೆ ಬಸ್ಸೂ ತಪ್ಪುತ್ತಿತ್ತು. ಈ ಕ್ರಮವನ್ನು ಫೈಲಿನ ತಲೆಯಲ್ಲೇ ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಬರೆದವರಿಗೆ ಕೈ ಮುಗಿಯುತ್ತೇನೆ. ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಒಂದು ಉದಾಹರಣೆ ಜೊತೆ ಕನ್ನಡದಲ್ಲಿದ್ದಿದ್ದರೆ ಹತ್ತು ನಿಮಿಷದ ಕೆಲಸ ಅಲ್ವಾ?

ಕನ್ನಡ ಟೈಪ್ ಮಾಡುವಾಗ ಹೆಬ್ಬೆರಳು ತಾಗಿ ಕರ್ಸರ್ ಇನ್ನೊಂದು ಸಾಲಿಗೆ ಹಾರುತ್ತದೆ ಅಂತಲೂ ಬರುತ್ತಾರೆ. ಟೈಪ್ ಮಾಡುವಾಗ ಪ್ಯಾಡ್ ಸುಮ್ನೆ ಇರಲಿ ಅನ್ನುವ ಸೆಟ್ಟಿಂಗ್, ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್, ಮೌಸ್ ನೋಡಿಕೊಳ್ಳುವ ಲಿಬ್‌ಇನ್‌ಪುಟ್‌ನಲ್ಲೇ ಇದೆ. 1 ಹಾಕಿದರೆ ಆ ಸೆಟ್ಟಿಂಗ್ ಚಾಲೂ, 0 ಹಾಕಿದರೆ ಬಂದ್. ಗೊತ್ತಿಲ್ಲದೆ ಹೊಸ ಪ್ಯಾಡ್‌ಗೆ ದುಡ್ಡು ಹಾಕಿದವರನ್ನು ನೋಡಿ ಹೊಟ್ಟೆ ಉರಿಯುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಪಾಲಿಟೆಕ್ನಿಕ್ ಮಾಸ್ತರರಲ್ಲಿ ನನ್ನದೊಂದು ವಿನಂತಿ. ಕೊನೆ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಕೊಡಿ. ಸೆಟ್ಟಿಂಗ್ ಹೆಸರು, ಎಲ್ಲಿಂದ ಎಲ್ಲಿವರೆಗೆ ಅಂಕಿ ಹಾಕಬಹುದು, ಅಂಕಿ ಯಾವ ಅಳತೆಯದು, ಹಾಕಿದರೆ ಬೆರಳಿಗೆ ಏನು ಗೊತ್ತಾಗುತ್ತದೆ, ಇಷ್ಟನ್ನು ಮಕ್ಕಳು ಕನ್ನಡದಲ್ಲಿ ಬರೆಯಲಿ. ನಾನು ಅಳೆದ ಮಾಡೆಲ್‌ಗಳದ್ದು ಒಂದು ನೋಟ್‌ಬುಕ್ ತುಂಬ ಇದೆ. ಅಂಗಡಿಗೆ ಬಂದರೆ ಕೊಡುತ್ತೇನೆ, ಸ್ಕೇಲ್ ಹಿಡಿದು ತೋರಿಸುತ್ತೇನೆ.

— ಲ್ಯಾಪ್‌ಟಾಪ್ ರಿಪೇರಿಯವರು, ಗಂಗಾವತಿ