ಗೆರೆಯ ಈಚೆ ನಿಂತವನ ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಬಂದು ಎರಡು ವಾರ ಆಯ್ತು. "ಕೋಚ್ ಸಾಹೇಬರು ಹೇಗಿದ್ದಾರೆ?" ಅಂತ ಕೇಳಿದ್ದೆ. ಎಲ್ಲ ಚೆನ್ನಾಗಿದೆ, ಮಕ್ಕಳು ಖುಷಿಯಾಗಿ ಆಡುತ್ತಿದ್ದಾರೆ ಅಂತ ಅವತ್ತೇ ಬರೆಯಬಹುದಿತ್ತು. ಅಷ್ಟರಲ್ಲಿ ಒಂದು ವಿಡಿಯೊ ನೋಡಿದೆ. ಆಮೇಲೆ ಹಾಗೆ ಬರೆಯಲು ಕೈ ಬರಲಿಲ್ಲ. ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸದೆ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಮ್ಮ ತಂಡದ ಅಪ್ಪ-ಅಮ್ಮಂದಿರೂ ಓದಲಿ.

ವಿಡಿಯೊ ತೆಗೆದದ್ದು ಒಬ್ಬ ಹುಡುಗನ ಅಮ್ಮ. ಹತ್ತು ವರ್ಷದೊಳಗಿನವರ ಫುಟ್‌ಬಾಲ್ ಪಂದ್ಯ. ಅವರು ಮಗನನ್ನೇ ಹಿಂಬಾಲಿಸಿ ಹಿಡಿದಿದ್ದರು. ಅದರಲ್ಲಿ ನಾನು ಎಲ್ಲೂ ಕಾಣುವುದಿಲ್ಲ. ಆದರೆ ಮೊದಲಿಂದ ಕೊನೆವರೆಗೂ ನನ್ನ ದನಿ ಇದೆ. "ಪಾಸ್ ಕೊಡು! ಬೇಡ, ಹೊಡಿ! ಹಿಂದೆ ಬಾ! ಎಲ್ಲಿ ನೋಡ್ತಿದ್ದೀಯಾ?"

ಅವನು ಎಲ್ಲಿ ನೋಡುತ್ತಿದ್ದ ಗೊತ್ತಾ? ನನ್ನ ಕಡೆ. ಚೆಂಡು ಕಾಲಿಗೆ ಬಂದಾಗಲೆಲ್ಲ ತಲೆಯೆತ್ತಿ ಒಂದು ಸಲ ಗೆರೆಯ ಕಡೆ ನೋಡುತ್ತಾನೆ. ಅಷ್ಟರಲ್ಲಿ ಎದುರಿನವನು ಚೆಂಡು ಕಿತ್ತುಕೊಂಡಿರುತ್ತಾನೆ. ಆಗ ಮತ್ತೆ ನನ್ನ ಕೂಗು.

ನಾವು ಆಡುತ್ತಿದ್ದಾಗ ಕೋಚ್‌ಗೆ ಯಾರು ಕಾರ್ಡ್ ತೋರಿಸುತ್ತಿದ್ದರು ಹೇಳು. 2019ರಲ್ಲಿ ಆಟದ ನಿಯಮವೇ ಬದಲಾಯಿತು. ಈಗ ತಪ್ಪು ಮಾಡಿದ ಕೋಚ್‌ಗೂ ಎಚ್ಚರಿಸುವ ಹಳದಿ ಕಾರ್ಡ್, ಹೊರಗೆ ಕಳಿಸುವ ಕೆಂಪು ಕಾರ್ಡ್ ಎರಡೂ ಇವೆ. ಬೆಂಚಿನಿಂದ ಕೆಟ್ಟ ಮಾತು ಬಂದು, ಆಡಿದವರು ಯಾರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚೇ ಹೊಣೆ. ಒಳ್ಳೆಯ ನಿಯಮ. ನನಗೆ ಇದುವರೆಗೆ ಒಂದೂ ಕಾರ್ಡ್ ಬಿದ್ದಿಲ್ಲ. ರೆಫರಿ ಜೊತೆ ವಾದ ಮಾಡುವುದಿಲ್ಲ, ಬಾಯಲ್ಲಿ ಬಯ್ಗುಳ ಬರುವುದಿಲ್ಲ, ಎದುರು ತಂಡದ ಮಕ್ಕಳಿಗೂ ಕೈ ಕುಲುಕುತ್ತೇನೆ. ಇಷ್ಟಿದ್ದರೆ ಒಳ್ಳೆಯ ಕೋಚ್ ಅಂತ ನಂಬಿಕೊಂಡಿದ್ದೆ. ಒಂಬತ್ತು ವರ್ಷದ ಹುಡುಗನಿಗೆ ಆಟದ ನಡುವೆ ಯೋಚಿಸಲು ಒಂದು ಕ್ಷಣವೂ ಬಿಡದಿದ್ದರೆ ಅದಕ್ಕೆ ಯಾವ ಕಾರ್ಡೂ ಇಲ್ಲ, ಅಲ್ವಾ?

ಇಷ್ಟಕ್ಕೇ ಪತ್ರ ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ವಿಡಿಯೊ ಇನ್ನೂ ಇದೆ.

ಕೊನೆಯ ಐದು ನಿಮಿಷ. ಎರಡು-ಎರಡು ಸಮ. ಅವನಿಗೂ ಇನ್ನೊಬ್ಬನಿಗೂ ತಲೆಗೆ ತಲೆ ಬಡಿಯಿತು. ಅವನು ಅಲ್ಲೇ ಕೂತುಬಿಟ್ಟ. ನಾನು ಓಡಿಹೋದೆ. ನನ್ನ ಮಾತು ಸ್ಪಷ್ಟವಾಗಿ ಕೇಳುತ್ತದೆ: "ಏನೂ ಆಗಿಲ್ಲ ಅಲ್ವಾ? ಆಡ್ತೀಯಾ ಅಲ್ವಾ?" ಅವನು ನನ್ನ ಮುಖ ನೋಡಿದ. ಚೆಂಡು ಬಂದಾಗ ನೋಡುತ್ತಿದ್ದನಲ್ಲ, ಅದೇ ನೋಟ. ನನಗೆ ಯಾವ ಉತ್ತರ ಬೇಕು ಅಂತ ಹುಡುಕುತ್ತಿದ್ದ. ಸಿಕ್ಕಿತು. ತಲೆಯಾಡಿಸಿದ. ಆಡಿಸಿದೆ.

ನನಗೆ ನಿಯಮ ಗೊತ್ತಿರಲಿಲ್ಲ ಅಂತಲ್ಲ ಕಣೋ. ತರಬೇತಿಯಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ತಲೆಗೆ ಪೆಟ್ಟು ಬಿದ್ದು ಒಂಚೂರು ಅನುಮಾನ ಬಂದರೂ ಮಗುವನ್ನು ಹೊರಗೆ ಕರೆಯಬೇಕು. ಆಮೇಲೆ ಸರಿಹೋದ ಹಾಗೆ ಕಂಡರೂ ಅವತ್ತು ಮತ್ತೆ ಇಳಿಸಬಾರದು. ಲಕ್ಷಣಗಳು ಕೆಲವು ಗಂಟೆ ಬಿಟ್ಟೂ ಕಾಣಿಸಬಹುದು. ಮತ್ತೆ ಆಡಬಹುದು ಅಂತ ಹೇಳಬೇಕಾದವರು ವೈದ್ಯರು. ಮಗುವೂ ಅಲ್ಲ, ಕೋಚೂ ಅಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳಿಗೆ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸುವುದನ್ನೇ ನಿಲ್ಲಿಸಿದ್ದಾರೆ. ಅಷ್ಟು ಎಚ್ಚರ ವಹಿಸುವ ವಿಷಯ ಇದು. ನಾನೋ, ಅವನ ಪಕ್ಕದಲ್ಲಿ ಮಂಡಿಯೂರಿ ಕೂತಾಗಲೂ ಇನ್ನು ಐದು ನಿಮಿಷ ಅಂತಲೇ ಲೆಕ್ಕ ಹಾಕುತ್ತಿದ್ದೆ.

ಅವನಿಗೆ ಏನೂ ಆಗಲಿಲ್ಲ. ವಿಡಿಯೊ ನೋಡಿದ ರಾತ್ರಿಯೇ ಅವನ ಅಮ್ಮನಿಗೆ ಫೋನ್ ಮಾಡಿ ನನ್ನದು ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಅವತ್ತು ಗೆಲ್ಲಲಿ ಅಂತಲೇ ಕೂಗ್ತಿದ್ದೆ ಸರ್" ಅಂದರು. ಅವನಿಗೂ ಎದುರು ಕೂತು ಹೇಳಿದೆ. ತಲೆ ನೋವಾದರೆ ನನ್ನ ಮುಖ ನೋಡಬೇಡ, ನೋವು ಅಂತ ಹೇಳು. ಅದಕ್ಕೆ ಮುಂದಿನ ಪಂದ್ಯದಲ್ಲಿ ನಿನ್ನ ಜಾಗ ಹೋಗುವುದಿಲ್ಲ. ಅವನು ಕೇಳಿದ: "ಹೊಟ್ಟೆ ನೋವಾದ್ರೆ?"

ಇಷ್ಟೆಲ್ಲ ನಿನಗೆ ಹೇಳುತ್ತೇನೆ ಅಂತ ನಾನೇ ಅಂದುಕೊಂಡಿರಲಿಲ್ಲ. ಇರಲಿ. ಭಾನುವಾರ ಬೆಳಿಗ್ಗೆ ಪಂದ್ಯ ಇದೆ, ಬಾ. ಆಟ ನಡೆಯುವಾಗ ಕೂಗುವುದಿಲ್ಲ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಹೇಳುವುದೆಲ್ಲ ವಿರಾಮದಲ್ಲಿ, ಅದೂ ಮೊದಲು ಅವರಿಗೆ ಏನು ಕಂಡಿತು ಅಂತ ಕೇಳಿ. ನೀನು ನನ್ನ ಪಕ್ಕದಲ್ಲೇ ನಿಲ್ಲು. ಬಾಯಿ ತೆರೆದರೆ ತಿವಿಯಲು ಕೊಡೆ ತಾ.

ನಿನ್ನವನೇ,
ಹನ್ನೊಂದೂವರೆ ನಂಬರ್