ನಮ್ಮ ಕಾಫಿ ಡಬ್ಬಿಯ ಮೇಲಿನ ಚಿತ್ರ ಯಾಕೆ ಬದಲಾಗುತ್ತಿದೆ?

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ಸಲದ ಕೊಯ್ಲಿನ ಕಾಫಿಪುಡಿ ನಿಮ್ಮ ಮನೆಗೆ ಬಂದಾಗ ಡಬ್ಬಿ ಬೇರೆ ಥರ ಕಾಣುತ್ತದೆ. ಒಳಗಿನ ಪುಡಿ ಅದೇ. ಅರೇಬಿಕಾ, ರೋಬಸ್ಟಾ, ಚಿಕೋರಿಯ ಪ್ರಮಾಣ ಬದಲಾಗಿಲ್ಲ. ಬೆಲೆಯೂ ಜಾಸ್ತಿಯಾಗಿಲ್ಲ. ಬದಲಾಗಿರುವುದು ಮೇಲಿನ ಚಿತ್ರ ಮತ್ತು ಒಳಗೆ ಇಡುವ ಕಥೆಯ ಹಾಳೆ.

ಇಷ್ಟು ದಿನ ಡಬ್ಬಿಯ ಮೇಲೆ ಹೊತ್ತಿ ಉರಿಯುವ ವಾಯುನೌಕೆಯ, ಅಂದರೆ ಅನಿಲ ತುಂಬಿ ಹಾರಿಸುವ ದೊಡ್ಡ ಬಲೂನಿನಂಥ ವಾಹನದ, ಚಿತ್ರ ಇತ್ತು. ಅದು ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಚಾಲಕ ವಿಲಿಯಂ ಲೀಫ್ ರಾಬಿನ್ಸನ್ ನೆನಪಿಗೆ. 1895ರಲ್ಲಿ ಕೊಡಗಿನ ನಮ್ಮ ಪಾಲಿಬೆಟ್ಟದ ಕಾಫಿ ತೋಟದಲ್ಲಿ ಹುಟ್ಟಿದವರು. 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ, ಲಂಡನ್ನಿನ ಉತ್ತರಕ್ಕಿರುವ ಕಫ್ಲಿ ಎಂಬ ಊರಿನ ಬಳಿ, ಜರ್ಮನ್ ವಾಯುನೌಕೆ ಎಸ್‌ಎಲ್ 11 ಅನ್ನು ಹೊಡೆದುರುಳಿಸಿದರು. ಬ್ರಿಟನ್ನಿನ ನೆಲದ ಮೇಲೆ ಹಾಗೆ ಬಿದ್ದ ಮೊದಲ ಜರ್ಮನ್ ವಾಯುನೌಕೆ ಅದು. ಅವರಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ನೌಕೆಯಲ್ಲಿದ್ದ 16 ಜನರೂ ಸತ್ತರು. ಬೆಳಗಿನ ಕಾಫಿಯ ಡಬ್ಬಿ ಮೇಲೆ ಆ ಬೆಂಕಿ ಬೇಡ ಎಂದು ನಮ್ಮ ಸಹಕಾರ ಸಂಘದ ಸಭೆಯಲ್ಲಿ ಹಲವು ಸದಸ್ಯರು ಹೇಳಿದರು. ಎಲ್ಲರೂ ಒಪ್ಪಿದೆವು.

ರಾಬಿನ್ಸನ್ ಅವರನ್ನು ಕೈಬಿಡುತ್ತಿಲ್ಲ. ಹೊಸ ಚಿತ್ರದಲ್ಲಿ ಹೂ ಬಿಟ್ಟ ಕಾಫಿ ಗಿಡಗಳ ನಡುವೆ ಶಾಲೆಗೆ ಹೊರಟ ಹುಡುಗ ಇದ್ದಾನೆ. ನಿಮ್ಮಲ್ಲಿ ಅನೇಕರು ಕೇಳುತ್ತಿದ್ದದ್ದೂ ಅದನ್ನೇ: ಪಾಲಿಬೆಟ್ಟದ ಹುಡುಗ ಎಲ್ಲಿ ಓದಿದ? ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಸ್ಕೂಲಿನಲ್ಲಿ, ಮತ್ತು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿರುವ ಡ್ರ್ಯಾಗನ್ ಶಾಲೆಯಲ್ಲಿ. ಬಿಷಪ್ ಕಾಟನ್ ನಿಮಗೆ ಗೊತ್ತೇ ಇದೆ. ಹಾಗಾಗಿ ಹೊಸ ಹಾಳೆಯಲ್ಲಿ ಡ್ರ್ಯಾಗನ್ ಶಾಲೆಯ ಕಥೆ ಹಾಕಿದ್ದೇವೆ.

ಅಂಥ ಶಾಲೆಗಳನ್ನು ಪ್ರಿಪರೇಟರಿ ಶಾಲೆ ಅನ್ನುತ್ತಾರೆ. ಫೀಸು ಕೊಟ್ಟು ಓದುವ ಖಾಸಗಿ ಶಾಲೆಗಳು. ಎಂಟರಿಂದ ಹದಿಮೂರು ವಯಸ್ಸಿನ ಹುಡುಗರು ಅಲ್ಲಿ ಲ್ಯಾಟಿನ್, ಗ್ರೀಕ್, ಗಣಿತ ಕಲಿತು ಈಟನ್, ವಿಂಚೆಸ್ಟರ್ ಥರದ ದೊಡ್ಡ ಶಾಲೆಗಳಿಗೆ ಹೋಗುತ್ತಿದ್ದರು. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು, ತೋಟದ ದೊರೆಗಳು ಮಕ್ಕಳನ್ನು ಹಡಗು ಹತ್ತಿಸಿ ಅಲ್ಲಿಗೆ ಕಳಿಸುವುದು ವಾಡಿಕೆಯಾಗಿತ್ತು. ಆ ಎಳೆ ವಯಸ್ಸಿನಲ್ಲಿ ಅಪ್ಪ ಅಮ್ಮನನ್ನು ವರ್ಷಗಟ್ಟಲೆ ನೋಡದೆ ಇರುವುದು ಸುಮ್ನೆ ಮಾತಲ್ಲ. ಆ ಪದ್ಧತಿ ಕ್ರೂರವಾದದ್ದು ಎಂದೇ ನಮ್ಮ ಅಭಿಪ್ರಾಯ. ಅದನ್ನು ಹಾಳೆಯಲ್ಲೂ ಬರೆದಿದ್ದೇವೆ.

ಡ್ರ್ಯಾಗನ್ ಶಾಲೆ ಹುಟ್ಟಿದ ರೀತಿ ಮಾತ್ರ ನಮಗೆ ಬಹಳ ಹಿಡಿಸಿತು. ಹಿಂದೆ ಆಕ್ಸ್‌ಫರ್ಡ್ ಕಾಲೇಜುಗಳ ಫೆಲೋಗಳು, ಅಂದರೆ ಅಲ್ಲಿನ ಮೇಷ್ಟ್ರುಗಳು, ಮದುವೆಯಾದರೆ ಸಾಮಾನ್ಯವಾಗಿ ಆ ಸ್ಥಾನ ಬಿಡಬೇಕಿತ್ತು. 1870, 80ರ ದಶಕಗಳಲ್ಲಿ ಆ ನಿಯಮ ಸಡಿಲವಾಯಿತು. ಮೇಷ್ಟ್ರುಗಳು ಸಂಸಾರ ಹೂಡಿದರು. ಊರಿನ ಉತ್ತರ ಭಾಗದಲ್ಲಿ ಮನೆಗಳೆದ್ದವು. ಗಂಡುಮಕ್ಕಳಿಗೆ ಹತ್ತಿರದಲ್ಲೇ ಒಂದು ಶಾಲೆ ಬೇಕಾಯಿತು. ಯಾವ ಧಣಿಯನ್ನೂ ಕಾಯದೆ ತಾವೇ ಒಂದು ಸಮಿತಿ ಮಾಡಿಕೊಂಡರು. 1877ರಲ್ಲಿ 14 ಹುಡುಗರೊಂದಿಗೆ ಪಾಠ ಶುರುವಾಯಿತು. ಬೇಕಾದದ್ದನ್ನು ಹತ್ತು ಜನ ಸೇರಿ ಕಟ್ಟಿಕೊಳ್ಳುವುದು ಎಂದರೇನು ಅಂತ ಸಹಕಾರ ಸಂಘದವರಾದ ನಮಗೆ ಗೊತ್ತಲ್ವಾ?

ಮೊದಲು ಅದರ ಹೆಸರು ಆಕ್ಸ್‌ಫರ್ಡ್ ಪ್ರಿಪರೇಟರಿ ಸ್ಕೂಲ್. ಸಮಿತಿಯಲ್ಲಿ ಚುರುಕಾಗಿ ಓಡಾಡುತ್ತಿದ್ದವರೊಬ್ಬರ ಹೆಸರು ಜಾರ್ಜ್. ಸೇಂಟ್ ಜಾರ್ಜ್ ಡ್ರ್ಯಾಗನ್ ಜೊತೆ ಕಾದಾಡಿದ ಕಥೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಹಾಗಾಗಿ ಹುಡುಗರು ತಮ್ಮನ್ನೇ ಡ್ರ್ಯಾಗನ್‌ಗಳು ಎಂದು ಕರೆದುಕೊಂಡರು. 1921ರಲ್ಲಿ ಶಾಲೆಯ ಹೆಸರೇ ಹಾಗಾಯಿತು.

ಮೊದಲ ಹೆಡ್‌ಮಾಸ್ಟರ್ ಕ್ಲಾರ್ಕ್ 1886ರಲ್ಲಿ ತೀರಿಕೊಂಡರು. ಆಮೇಲೆ ಬಂದವರು ಚಾರ್ಲ್ಸ್ ಲೈನಮ್. ಹಾಯಿದೋಣಿಯ ಹುಚ್ಚಿದ್ದ ಮನುಷ್ಯ. ಹುಡುಗರು ಅವರನ್ನು ‘ಸ್ಕಿಪ್ಪರ್’ (ದೋಣಿಯ ನಾಯಕ) ಎಂದೇ ಕರೆಯುತ್ತಿದ್ದರು, ಅದೂ ಎದುರಿಗೇ. ಮೇಷ್ಟ್ರ ಹೆಸರು ಹೇಳಲೂ ಮಕ್ಕಳು ಹೆದರುತ್ತಿದ್ದ ಕಾಲವದು. 1920ರವರೆಗೆ ಶಾಲೆ ನಡೆಸಿದವರು ಅವರೇ. ಚರ್‌ವೆಲ್ ನದಿಯ ಪಕ್ಕದ ಬಾರ್ಡ್‌ವೆಲ್ ರಸ್ತೆಗೆ ಶಾಲೆ ಬಂದದ್ದೂ ಅವರ ಕಾಲದಲ್ಲೇ. ಹುಡುಗರ ಶಾಲೆಯಾದರೂ ಅಲ್ಲೊಬ್ಬರು ಇಲ್ಲೊಬ್ಬರು ಹುಡುಗಿಯರನ್ನು ಸೇರಿಸಿಕೊಂಡರು. ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅಲ್ಲಿ ಓದಿದರು, ಅವರ ತಂಗಿ ನವೋಮಿ ಕೂಡ. ಅದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಹುಡುಗರಿಗೂ ಹುಡುಗಿಯರಿಗೂ ಪೂರ್ತಿ ಸಮನಾಗಿ ಬಾಗಿಲು ತೆರೆದದ್ದು ಮಾತ್ರ 1994ರಲ್ಲಿ.

ಸ್ಕಿಪ್ಪರ್ ಕಾಲದ ಹುಡುಗರೇ ಮೊದಲ ಮಹಾಯುದ್ಧಕ್ಕೆ ಹೋದರು. ರಣರಂಗದಿಂದ ಅವರು ಬರೆದ ಪತ್ರಗಳು ಶಾಲೆಯ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ವಾಪಸ್ ಬಾರದವರ ನೆನಪಿಗೆ ನದಿಯ ದಡದಲ್ಲಿ ಕಲ್ಲಿನ ಶಿಲುಬೆ ನಿಲ್ಲಿಸಿದ್ದಾರೆ. ರಾಬಿನ್ಸನ್ 1909ರಲ್ಲಿ ಅಣ್ಣನ ಹಿಂದೆಯೇ ಸೇಂಟ್ ಬೀಸ್ ಶಾಲೆಗೆ ಹೋದರು. 1917ರಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕರು. ಯುದ್ಧ ಮುಗಿದು ಬಿಡುಗಡೆಯಾದ ಮೇಲೆ, 1918ರ ಡಿಸೆಂಬರ್ 31ರಂದು ಇನ್‌ಫ್ಲುಯೆಂಜಾ ಜ್ವರಕ್ಕೆ ಬಲಿಯಾದರು. ಆಗ ವಯಸ್ಸು 23. ಪದಕದ ಕಥೆ ಎಲ್ಲರೂ ಹೇಳುತ್ತಾರೆ. ನಮ್ಮೂರಲ್ಲಿ ಹುಟ್ಟಿದ ಹುಡುಗನ ಬಾಲ್ಯ ನಾವಾದರೂ ಹೇಳಬೇಕು ಅನ್ನಿಸಿತು.

ಹಳೆ ಡಬ್ಬಿಗಳು ಇನ್ನೂ ಸ್ವಲ್ಪ ಉಳಿದಿವೆ. ಎಸೆಯುವುದಿಲ್ಲ, ಮುಗಿಯುವವರೆಗೆ ಅವುಗಳಲ್ಲೇ ಪುಡಿ ತುಂಬಿಸುತ್ತೇವೆ. ಹಾಗಾಗಿ ಮೊದಲ ತಿಂಗಳು ನಿಮಗೆ ಎರಡರಲ್ಲಿ ಯಾವುದಾದರೂ ಬರಬಹುದು. ಹಳೆ ಡಬ್ಬಿ ಬಂದರೂ ಒಳಗೆ ಹೊಸ ಹಾಳೆಯೇ ಇರುತ್ತದೆ. ಮಕ್ಕಳಿಗೆ, ಶಾಲೆಗೆ ಹೆಚ್ಚು ಪ್ರತಿ ಬೇಕಾದರೆ ಆರ್ಡರ್ ಮಾಡುವಾಗ ತಿಳಿಸಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇಂತಿ ನಿಮ್ಮ,
ಸಂಘದ ಎಲ್ಲ ಸದಸ್ಯರ ಪರವಾಗಿ, ಕಾರ್ಯದರ್ಶಿ