ಹುಲ್ಲುಗಾವಲಿನ ಪಾಳಿ ಕುರಿತು ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಹೆಸರಘಟ್ಟದ ಬಳಿ ನಮ್ಮ ಮೂರು ಕುದುರೆಗಳಿಗಾಗಿ ಗುತ್ತಿಗೆಗೆ ಪಡೆದಿರುವ ನಾಲ್ಕು ಎಕರೆ ಹುಲ್ಲುಗಾವಲಿನ ಬಾಡಿಗೆಯನ್ನು ಹಂಚಿಕೊಂಡಷ್ಟು ಸಲೀಸಾಗಿ ಆರೈಕೆಯ ಹೊಣೆ ಹಂಚಿಕೆಯಾಗಿಲ್ಲವಾದ್ದರಿಂದ ಈ ಸೂಚನೆ ಬರೆಯಬೇಕಾಗಿದೆ.

ಕಳೆದ ಭಾನುವಾರ ಸಂಜೆ ತೊಟ್ಟಿಯಲ್ಲಿ ಪಾಚಿ ಮತ್ತು ನಾಲ್ಕು ಬೆರಳು ನೀರು ಮಾತ್ರ ಉಳಿದಿತ್ತು. ಬೆಳಗಿನವರು ಸಂಜೆಯವರು ತುಂಬಿಸುತ್ತಾರೆಂದೂ, ಸಂಜೆಯವರು ಬೆಳಿಗ್ಗೆಯೇ ತುಂಬಿರಬೇಕೆಂದೂ ಭಾವಿಸಿದ್ದರು. ಒಂದು ಕುದುರೆಗೆ ದಿನಕ್ಕೆ ಸುಮಾರು 25ರಿಂದ 45 ಲೀಟರ್ ನೀರು ಬೇಕು. ಸಾಲದಿದ್ದರೆ ಮೇವು ಕರುಳಿನಲ್ಲಿ ಕಟ್ಟಿಕೊಂಡು ಹೊಟ್ಟೆಶೂಲೆ ಬರುವ ಅಪಾಯವಿದೆ. ಇನ್ನು ಮುಂದೆ ತುಂಬಿದ ತೊಟ್ಟಿಯ ಫೋಟೊ ಈ ಗುಂಪಿಗೆ ಬಂದ ಮೇಲಷ್ಟೇ ಆ ಪಾಳಿ ಮುಗಿದಂತೆ.

ಲದ್ದಿಯನ್ನು ವಾರಕ್ಕೆ ಎರಡು ಬಾರಿಯಾದರೂ ಎತ್ತದಿದ್ದರೆ ಜಂತುಹುಳುವಿನ ಮರಿಗಳು ಹುಲ್ಲಿನ ಮೂಲಕ ಎಲ್ಲ ಕುದುರೆಗಳ ಹೊಟ್ಟೆ ಸೇರುತ್ತವೆ. ಆದ್ದರಿಂದ ಒಬ್ಬೊಬ್ಬರು ತಮ್ಮ ಕುದುರೆಗೆ ಬೇರೆ ಬೇರೆ ತಿಂಗಳಲ್ಲಿ ಜಂತುಹುಳುವಿನ ಔಷಧ ಕುಡಿಸುವ ಈಗಿನ ಪದ್ಧತಿಯಿಂದ (ಔಷಧದಂಗಡಿಯವರನ್ನು ಬಿಟ್ಟರೆ) ಯಾರಿಗೂ ಪ್ರಯೋಜನವಿಲ್ಲ; ಲದ್ದಿ ಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ನಡೆಯೋಣ.

ಲಾಳದ ಖರ್ಚು ಆಯಾ ಮಾಲೀಕರದು. ಆದರೆ ಕುದುರೆ ಹೊಟ್ಟೆಶೂಲೆಯಿಂದ ನೆಲದಲ್ಲಿ ಹೊರಳಾಡುವುದು ಕಂಡರೆ, ಮಾಲೀಕರು ಫೋನ್ ತೆಗೆಯುವವರೆಗೆ ಕಾಯದೆ, ಸ್ಥಳದಲ್ಲಿದ್ದವರೇ ವೈದ್ಯರನ್ನು ಕರೆಯಬೇಕು.

ಬೇಲಿಯಂಚಿನ ಕಣಗಿಲೆಯ ಒಣ ಎಲೆಯೂ ಕುದುರೆಗೆ ವಿಷ. ಅದನ್ನು ಬುಡಸಮೇತ ಕೀಳಲು ಜಮೀನಿನವರು ಒಪ್ಪಿದ್ದಾರೆ. ಶನಿವಾರ ಬೆಳಿಗ್ಗೆ 7 ಗಂಟೆಗೆ ಗುದ್ದಲಿ, ಕೈಗವಸಿನೊಂದಿಗೆ ಬನ್ನಿ.